ಬೀಳುವುದನ್ನು ಕಲಿಯುತ್ತಿರುವ ಹಮಾಲ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಯಾದಗಿರಿಯ ಕಾಳುಕಡಿ ಮಾರುಕಟ್ಟೆಯಾದ ಗಂಜ್‌ನ ಹಿಂದಿನ ಓಣಿಯ ತಾಲೀಮಿನಲ್ಲಿ ಸಾಬಣ್ಣ ಗುದ್ದಲಿ ಹಿಡಿದು ಕುಸ್ತಿ ಕಣದ ಕೆಮ್ಮಣ್ಣು ಮಗುಚುತ್ತಿದ್ದಾರೆ. ವಯಸ್ಸು ನಲವತ್ತೇಳು. ಇಲ್ಲಿ ಹಿರಿಯ, ಕಿರಿಯ ಅನ್ನುವುದು ವಯಸ್ಸಿನ ಮೇಲಲ್ಲ. ಮೊದಲು ಕಣಕ್ಕಿಳಿದವನೇ ಹಿರಿಯ, ಕೊನೆಗೆ ಸೇರಿದವನಿಗೆ ಗುದ್ದಲಿ. ಹಾಗಾಗಿ ಮಗನ ವಯಸ್ಸಿನ ಶಾರುಖ್ ಕಟ್ಟೆಯ ಮೇಲೆ ಕೂತಿದ್ದಾನೆ, ಸಾಬಣ್ಣ ಬೆವರು ಸುರಿಸುತ್ತಿದ್ದಾರೆ. ಅಂಗಿ ಕಳಚುವಾಗ ಮಾತ್ರ ಅವರು ಗೋಡೆಯ ಕಡೆ ತಿರುಗುತ್ತಾರೆ. ಲಂಗೋಟಿಯ ಮೇಲೆ ಜೋತ ಹೊಟ್ಟೆ ಯಾರ ಕಣ್ಣಿಗೂ ಬೀಳಬಾರದು.

"ಈ ಕಡಿ ತಿರುಗ್ರಿ ಕಾಕಾ, ಗ್ವಾಡಿ ಜೋಡಿ ಕುಸ್ತಿ ಹಿಡೀತೀರೇನು?" ಎಂದು ಶಾರುಖ್ ನಗುತ್ತಾನೆ. ಸಾಬಣ್ಣ ನಗುವುದಿಲ್ಲ.

ಹತ್ತಿಕುಣಿಯಿಂದ ಬಂದು ಗಂಜ್‌ನಲ್ಲಿ ಹಮಾಲಿಗೆ ನಿಂತವರು ಅವರು. ಬೆನ್ನ ಮೇಲೆ ತೊಗರಿ ಚೀಲ ಹೊತ್ತು, ಲಾರಿಗೆ ಹಚ್ಚಿದ ಕಿರಿದಾದ ಹಲಗೆಯ ಮೇಲೆ ಓಡುನಡಿಗೆಯಲ್ಲಿ ಏರುವವರಲ್ಲಿ ಅವರದೇ ಮೊದಲ ಹೆಸರು. ಹೋದ ಸುಗ್ಗಿಯಲ್ಲಿ ಅದೇ ಹಲಗೆಯ ನಡುವೆ ಕಾಲು ಜಾರಿತು. ಚೀಲ ಒಡೆಯಿತು, ತೊಗರಿ ಚೆಲ್ಲಿತು, ಇಡೀ ಗಂಜ್ ಓಡಿ ಬಂದು ಸುತ್ತ ನಿಂತಿತು.

"ಮೈಗಿ ಏನೂ ಆಗ್ಲಿಲ್ರಿ. ಕೈ ಮುರಿದಿದ್ರ ಚಲೋ ಇತ್ತು, ತೋರ್ಸಾಕ ಏನರ ಇರ್ತಿತ್ತು," ಅನ್ನುತ್ತಾರೆ ಸಾಬಣ್ಣ.

ಅಂದಿನಿಂದ ಹಲಗೆ ಕಂಡರೆ ಅಂಜಿ ದೂರ ಸರಿಯುತ್ತಾರೆ. ಬೆನ್ನು ನೋವೆಂದು ಹಮಾಲರ ಮೇಸ್ತ್ರಿ ಮುಕಾದಮನಿಗೆ ಸುಳ್ಳು ಹೇಳಿದ್ದಾರೆ. ಈಗ ಹೆಂಗಸರ ಸಾಲಿನಲ್ಲಿ ಕೂತು ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತಾರೆ. "ನೆಳ್ಳಿಗಿ ಸರೀರಿ ಅಣ್ಣಾ, ಪಾಪ, ಬೆನ್ನ ನೋಯ್ತದ," ಎಂದು ಪಾರ್ವತಿಬಾಯಿ ಜಾಗ ಬಿಡುತ್ತಾರೆ. ಆ 'ಪಾಪ' ದಬ್ಬಣಕ್ಕಿಂತ ಆಳಕ್ಕೆ ಇಳಿಯುತ್ತದೆ.

ಮನೆಯಲ್ಲೂ ನಿಜ ಹೇಳಿಲ್ಲ. ಬೆಳಗ್ಗೆ ಹಣಮಪ್ಪನ ಗುಡಿಗೆ ಹೋಗುತ್ತೇನೆಂದು ಹೊರಡುತ್ತಾರೆ. ಬನಿಯನ್ನಿನ ಕೆಂಪು ಉಜ್ಜಿ ಉಜ್ಜಿ ಸಾಕಾದ ಹೆಂಡತಿ ಅಯ್ಯಮ್ಮ ಮೊನ್ನೆ ಕೇಳಿಯೇಬಿಟ್ಟರು: "ಹಣಮಪ್ಪ ಈಗೀಗ ತೀರ್ಥದ ಬದ್ಲಿ ಮಣ್ಣ ಕೊಡಾಕತ್ತಾನೇನು?" ಸಾಬಣ್ಣ ತಾಟು ಎತ್ತಿಕೊಂಡು ಬಾಗಿಲ ಕಡೆ ಮುಖ ಮಾಡಿ ಉಂಡರು.

ತಾಲೀಮಿಗೆ ಬಂದ ದಿನ ಅವರು ಕುಸ್ತಿ ಕಲಿಸುವ ವಸ್ತಾದ ರಾಜಾಸಾಬರಲ್ಲಿ ಕೇಳಿದ್ದು ಒಂದೇ: "ಗೆಲ್ಲೂದು ಬ್ಯಾಡ್ರಿ ನನಗ. ಅಂಜದಂಗ ಬೀಳೂದು ಕಲಸ್ರಿ."

ಆದರೆ ಅದೇ ಬರುತ್ತಿಲ್ಲ. ಶಾರುಖ್ ಹಿಂದಿನಿಂದ ಅಪ್ಪಿ ಹಿಡಿಯುತ್ತಾನೆ. ಮೈ ಸಡಿಲಿಸಿ ಉರುಳಬೇಕಾದ ಸಾಬಣ್ಣ ಸೊಂಟ ಬಗ್ಗಿಸಿ, ಅವನನ್ನೇ ಬೆನ್ನಿಗೇರಿಸಿಕೊಂಡು, ಗೋಡೆಯವರೆಗೆ ನಡೆದು ಮೆಲ್ಲಗೆ ಇಳಿಸುತ್ತಾರೆ. ಹಮಾಲನ ಮೈಗೆ ಬೆನ್ನಿಗೆ ಬಂದದ್ದೆಲ್ಲ ಚೀಲವೇ.

"ಕಾಕಾ, ಯಾವ ಲಾರಿಗಿ ಹಾಕಾಕತ್ತೀರಿ ನನ್ನ?"

ತಾಲೀಮೆಲ್ಲ ಬಿದ್ದು ಬಿದ್ದು ನಗುತ್ತದೆ. ರಾಜಾಸಾಬರು ಮಾತ್ರ ನಗದೆ ಹತ್ತಿರ ಬರುತ್ತಾರೆ: "ಇವ ತೊಗರಿ ಅಲ್ಲೋ ಸಾಬಣ್ಣ, ಚೆಲ್ಲಿ ಹೋಗಂಗಿಲ್ಲ. ಗದ್ದ ಎದಿಗಿ ಹಚ್ಚು. ಕೈ ಬಿಡು."

ಮತ್ತೆ ಅಪ್ಪುಗೆ. ಸೊಂಟ ತಾನಾಗಿಯೇ ಭಾರಕ್ಕೆ ಸಜ್ಜಾಗುತ್ತದೆ. ಈ ಸಲ ಸಾಬಣ್ಣ ಕಣ್ಣು ಮುಚ್ಚಿ ಕೈ ಬಿಡುತ್ತಾರೆ. ಹೆಗಲು ಮೊದಲು, ಬೆನ್ನು ಆಮೇಲೆ, ದೊಪ್ಪನೆ ಮಣ್ಣಿಗೆ. ಮಲಗಿದಲ್ಲೇ ಕಾಯುತ್ತಾರೆ. ಯಾರೂ ಓಡಿ ಬರುವುದಿಲ್ಲ, ಯಾರೂ 'ಪಾಪ' ಅನ್ನುವುದಿಲ್ಲ.

"ಏಳ್ರಿ ಕಾಕಾ, ಇನ್ನೊಮ್ಮಿ," ಅನ್ನುತ್ತಾನೆ ಶಾರುಖ್, ಲಂಗೋಟಿ ಬಿಗಿಮಾಡಿಕೊಳ್ಳುತ್ತ.

ಅದೇ ದಿನ ಗಂಜ್‌ನಲ್ಲಿ ಲಾರಿ ನಿಂತಿದೆ, ಹಲಗೆ ಹಚ್ಚಿದ್ದಾರೆ. ಸಾಬಣ್ಣ ದಬ್ಬಣ ಪಾರ್ವತಿಬಾಯಿಯ ಕೈಗಿತ್ತು ಎದ್ದು ನಿಲ್ಲುತ್ತಾರೆ. ಕಿವಿಯ ಸಂದಿನಲ್ಲಿ ಕೆಮ್ಮಣ್ಣು ಹಾಗೇ ಇದೆ.

"ಬೆನ್ನ ಹ್ಯಾಂಗದ?" ಮುಕಾದಮ ಕೇಳುತ್ತಾನೆ.

ಸಾಬಣ್ಣ ನೆಲ ನೋಡುತ್ತಾರೆ. ಹಮಾಲರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ.

"ಬೆನ್ನಿಗಿ ಏನೂ ಆಗಿದ್ದಿಲ್ರಿ. ಅಂಜಿದ್ನಿ." ಆಮೇಲೆ ಸೊಂಟ ಬಗ್ಗಿಸಿ ಅನ್ನುತ್ತಾರೆ, "ಒಂದು ಚೀಲ ಹೊರಸ್ರಿ."