ಅವರೆಕಾಯಿಗೆ ಬೆಳಕು ಯಾವ ಕಡೆಯಿಂದ

ಸಸ್ಯಚಿತ್ರಗಳ ಲೋಕದಲ್ಲಿ ಸೂರ್ಯ ಸದಾ ಎಡಗಡೆಯ ಮೇಲ್ಮೂಲೆಯಲ್ಲಿಯೇ ಇರುತ್ತಾನೆ. ಬೆಳಗಾಗಲಿ, ಸಂಜೆಯಾಗಲಿ, ಬಿಡಿಸುವವರು ಯಾವ ತಾಲ್ಲೂಕಿನವರೇ ಆಗಿರಲಿ, ಅವನು ಅಲ್ಲಿಂದ ಅಲುಗುವುದಿಲ್ಲ. ಅವನನ್ನು ಆ ಹುದ್ದೆಗೆ ನೇಮಿಸಿದವರು ಯಾರು, ಅಧಿಕಾರಾವಧಿ ಎಷ್ಟು ಎಂದು ನಾನು ಚಿತ್ರಪಾಠದ ಮೊದಲ ದಿನವೇ ಮೇಡಂ ಅವರನ್ನು ಕೇಳಿದೆ.

ಮೇಡಂ ಹಾಸನದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಭಾನುವಾರಗಳಂದು ತಮ್ಮ ಮನೆಯ ಮಹಡಿಯಲ್ಲಿ ಬಣ್ಣದ ಪೆನ್ಸಿಲ್ಲಿನ ಪಾಠ ನಡೆಸುತ್ತಿದ್ದರು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿ, "ಬಲಗೈಯಲ್ಲಿ ಬರೆಯೋರ ಕೈನೆರಳು ಹಾಳೆ ಮೇಲೆ ಬೀಳಬಾರದು ಅಂತ ಮಾಡಿರೋದು. ಇದರಲ್ಲಿ ಪಿತೂರಿ ಏನೂ ಇಲ್ಲ ಕಣಮ್ಮ" ಎಂದರು.

ನಾನು ಎಡಗೈಯಲ್ಲಿದ್ದ ಪೆನ್ಸಿಲನ್ನು ಎತ್ತಿ ತೋರಿಸಿದೆ. ಪಿತೂರಿ ಅಲ್ಲಿಯೇ ಇತ್ತು.

ನಾನು ಓದಿದ್ದು ಪರೀಕ್ಷೆಯಿಲ್ಲದ, ಬೆತ್ತವಿಲ್ಲದ, ಮರದಡಿ ದುಂಡಗೆ ಕುಳಿತು ಪಾಠ ಏಕೆ ಬೇಕೆಂದು ಚರ್ಚಿಸುತ್ತಲೇ ಪಾಠದ ಹೊತ್ತು ಮುಗಿಸುವ ಶಾಲೆಯಲ್ಲಿ. ಲೆಕ್ಕ ಅಷ್ಟಾಗಿ ಬರಲಿಲ್ಲ. ಆದರೆ ಯಾವುದೇ ಪದ್ಧತಿಯನ್ನು ಕಂಡರೂ ಇದು ಯಾರ ಅನುಕೂಲಕ್ಕೆ ಎಂದು ಕೇಳುವ ಅಭ್ಯಾಸ ಬಂತು. ಹೊಳೆನರಸೀಪುರಕ್ಕೆ ಮರಳಿದ ಮೇಲೆ ಬಸ್ ನಿಲ್ದಾಣದ ಶೌಚಾಲಯದ ಬೀಗದಿಂದ ಹಿಡಿದು ಮದುವೆ ಮನೆಗಳ ಪ್ಲಾಸ್ಟಿಕ್ ಲೋಟದವರೆಗೆ ನಾನು ಹೆಸರಿಡದ ಅನ್ಯಾಯವಿಲ್ಲ. ಮೇಡಂ ಕೊಟ್ಟ ಪೆನ್ಸಿಲ್ ಡಬ್ಬಿಯಲ್ಲಿ ನಸುಗೆಂಪಿನ ಕಡ್ಡಿಯೊಂದರ ಮೇಲೆ 'ಮೈಬಣ್ಣ' ಎಂದು ಅಚ್ಚಾಗಿರುವುದನ್ನು ಕಂಡಾಗಲೂ ಸುಮ್ಮನಿರಲಾಗಲಿಲ್ಲ. ಇದು ಯಾರ ಮೈ, ಹಾಸನ ಜಿಲ್ಲೆಯಲ್ಲಿ ಈ ಬಣ್ಣದ ಒಬ್ಬ ಮನುಷ್ಯನನ್ನು ತೋರಿಸಿ ಎಂದೆ.

"ಮನುಷ್ಯರದಲ್ಲಮ್ಮ, ಒಣಗಿದ ಅವರೆಕಾಳಿನದು. ಆ ಕಡ್ಡಿ ಇಲ್ಲಿ ಕೊಡು" ಎಂದು ಮೇಡಂ ಅದನ್ನು ಕಿತ್ತುಕೊಂಡು ತಮ್ಮ ಕೆಲಸ ಮುಂದುವರಿಸಿದರು.

ಅವರ ಕೆಲಸವೂ ನಮ್ಮ ಕೆಲಸವೂ ಆ ಚಳಿಗಾಲದಲ್ಲಿ ಒಂದೇ ಆಗಿತ್ತು. ಹೊಳೆನರಸೀಪುರದ ಸಮುದಾಯ ಭವನದಲ್ಲಿ ನಾವು ಕೆಲವರು ನಾಟಿ ಬೀಜಗಳ ಪ್ರದರ್ಶನವೊಂದನ್ನು ಏರ್ಪಡಿಸಿದ್ದೆವು. ದುದ್ದದಲ್ಲಿರುವ ನನ್ನ ಸೋದರತ್ತೆ ತನ್ನ ಅತ್ತೆಯ ಕಾಲದಿಂದ ಬಂದ ಸೊಗಡಿನ ಅವರೆಯ ಬೀಜವನ್ನು ಬಿಡದೆ ಕಾಪಾಡಿಕೊಂಡು ಬಂದವಳು. ಆಸುಪಾಸಿನವರೆಲ್ಲ ವರ್ಷವಿಡೀ ಕಾಯಿ ಬಿಡುವ ಅಂಗಡಿ ಬೀಜಕ್ಕೆ ತಿರುಗಿದ್ದರು. "ಈ ಸಲ ನಾಕ್ ಜನ ಬೀಜ ಒಯ್ದ್ರೆ ಸರಿ. ಇಲ್ದಿದ್ರೆ ನಾನೂ ಬುಟ್ಬುಡ್ತೀನಿ ಕಣೆ. ಒಬ್ಬಳೇ ಎಷ್ಟ್ ದಿನ ಇಡ್ಕಂಡ್ ಕೂತ್ಕಳಾನೆ?" ಎಂದಿದ್ದಳು. ಅವಳ ಬುಟ್ಟಿಯ ಮೇಲೆ, ನೋಡಿದವರ ಕೈ ತಾನಾಗಿ ಬೀಜಕ್ಕೆ ಚಾಚುವಂಥ ಚಿತ್ರವೊಂದು ಇರಬೇಕೆಂದು ನಾನು ನಿಶ್ಚಯಿಸಿದೆ. ಮೇಡಂ ಒಪ್ಪಿದರು. ಪಾಠಕ್ಕೆ ಬರುವ ನಮ್ಮೊಳಗೆ, ಒಂದೇ ದೊಡ್ಡ ಹಾಳೆಯಲ್ಲಿ ಎಲೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯದು, ಹೂವು ಅರಕಲಗೂಡಿನ ನರ್ಸಮ್ಮನದು, ಕಾಳು ಮೇಡಂ ಅವರದು, ಕಾಯಿ ನನ್ನದು ಎಂದು ಹಂಚಿಕೆಯಾಯಿತು.

ನನ್ನ ಕಾಯಿ ಉಬ್ಬಲೇ ಇಲ್ಲ. ಅಭ್ಯಾಸದ ಹಾಳೆಗಳಲ್ಲಿ ಎಷ್ಟು ಹಸಿರು ತೀಡಿದರೂ ಅದು ನೆಲಕ್ಕಂಟಿ ಮಲಗುತ್ತಿತ್ತು. ಪಕ್ಕದಲ್ಲಿ ಕುಳಿತ ವ್ಯಾಪಾರಿ ಇಣುಕಿ ನೋಡಿ, "ಅಕ್ಕಾ, ಇದರ ಮ್ಯಾಲೆ ಲಾರಿ ಅತ್ಬುಟ್ಟದೆ ಕಣಕ್ಕಾ" ಎಂದು ಮರುಗಿದ.

ಕಾರಣ ಸರಳವಾಗಿತ್ತು. ದೀಪ ಎಡಗಡೆಗಿದ್ದುದರಿಂದ ನನ್ನ ಎಡಗೈಯ ನೆರಳೇ ಹಾಳೆಯನ್ನು ಆವರಿಸುತ್ತಿತ್ತು. ಕಾಯಿ ಸಾಕಷ್ಟು ಕಪ್ಪಾಯಿತೆಂದು ನಂಬಿ ನಾನು ನಿಲ್ಲಿಸುತ್ತಿದ್ದೆ. ಕೈ ಎತ್ತಿದರೆ ಬೇಯದ ದೋಸೆಯಂತೆ ಬಿಳಿಚಿಕೊಂಡಿರುತ್ತಿತ್ತು. ಆದ್ದರಿಂದ ದೀಪವನ್ನು ಬಲಕ್ಕೆ ತರಬೇಕು, ನನ್ನ ಕಾಯಿಗೆ ಬೆಳಕು ಬಲದಿಂದ ಬೀಳಬೇಕು ಎಂಬ ಬೇಡಿಕೆಯನ್ನು ಮಂಡಿಸಿದೆ. ಕತ್ತರಿ, ಶಾಲೆಯ ಬೆಂಚು, ಬಾಗಿಲ ಚಿಲಕ, ಊಟದ ಪಂಕ್ತಿ ಎಲ್ಲದರಲ್ಲಿಯೂ ಎಡಗೈಯವರಿಗೆ ಆಗುತ್ತಿರುವುದನ್ನು ವಿವರಿಸಿದೆ. ಭಾಷಣ ಚೆನ್ನಾಗಿಯೇ ಇತ್ತು.

"ಒಂದೇ ಬಳ್ಳಿಗೆ ಎರಡು ಸೂರ್ಯ ಆಗುತ್ತಲ್ಲಮ್ಮ?" ಎಂದರು ಮೇಡಂ.

"ಎಲ್ಡ್ ಸೂರ್ಯ ಬಂದ್ರೆ ಬರ್ಲಿ ಬುಡಿ ಮೇಡಮ್ನೋರೆ, ನಮ್ ಕೊಬ್ರಿ ಬಿರ್ನೆ ಒಣಗ್ತದೆ" ಎಂದ ವ್ಯಾಪಾರಿ.

"ಓಟಿಗೆ ಆಕ್ಬುಡಿ ಅತ್ಲಾಗೆ. ನಂಗೆ ಬಸ್ಸಿಗೆ ಒತ್ತಾಯ್ತು" ಎಂದಳು ನರ್ಸಮ್ಮ.

ಓಟಿಗೆ ಹಾಕಿದರು. ಕೊಬ್ಬರಿಯವನೂ ಕೊನೆಗೆ ಮೇಡಂ ಕಡೆ ಕೈ ಎತ್ತಿದ. ಬಹುಮತಕ್ಕೆ ತಲೆಬಾಗಬೇಕೆಂದು ನಾನು ಜೀವಮಾನವಿಡೀ ಬೋಧಿಸಿದ್ದೇನೆ. ಬಹುಮತ ಎದುರಿಗೇ ಕುಳಿತು ಪೆನ್ಸಿಲ್ ಹೆರೆಯುತ್ತಿದ್ದಾಗ ಅದು ಅಷ್ಟೇನೂ ರುಚಿಸಲಿಲ್ಲ.

ಆದರೆ ಅತ್ತೆಯ ಬುಟ್ಟಿ ನನ್ನ ಹಟಕ್ಕಾಗಿ ಕಾಯುವಂತಿರಲಿಲ್ಲ. ಮುಂದಿನ ಭಾನುವಾರ ನಾನು ಹಾಳೆಯನ್ನೂ ಕಾಯಿಯನ್ನೂ ತಲೆಕೆಳಗು ಮಾಡಿ, ದೀಪವನ್ನು ನನ್ನ ಬಲ ಮೊಣಕೈಯ ಪಕ್ಕಕ್ಕೆ ಇಟ್ಟುಕೊಂಡೆ. ಕೈಯ ನೆರಳು ಆಚೆಗೆ ಸರಿಯಿತು. ಹಾಳೆಯನ್ನು ನೆಟ್ಟಗೆ ತಿರುಗಿಸಿದಾಗ ಬೆಳಕು ಎಡಗಡೆಯ ಮೇಲ್ಮೂಲೆಯಲ್ಲಿ, ಇರಬೇಕಾದಲ್ಲಿಯೇ ಇತ್ತು. ವ್ಯವಸ್ಥೆಯನ್ನು ಬುಡಮೇಲು ಮಾಡುವೆನೆಂದು ಹೊರಟವಳು ಒಂದು ಅವರೆಕಾಯಿಯನ್ನಾದರೂ ಮಾಡಿದೆ.

ಆಮೇಲೆ ಕಲಿತದ್ದೆಲ್ಲ ತಾಳ್ಮೆ. ಮೊದಲು ತಿಳಿಹಳದಿಯ ತೆಳುಪದರ. ಕಾಳು ಉಬ್ಬಿದ ನೆತ್ತಿಯ ಮೇಲೆ ಹಾಳೆಯ ಬಿಳುಪನ್ನು ಹಾಗೆಯೇ ಬಿಡುವುದು. ಅದರ ಸುತ್ತ ಎಳೆಹಸಿರು, ಮತ್ತೆ ಗಾಢಹಸಿರು. ನೆರಳಿಗೆ ಕಪ್ಪು ನಿಷಿದ್ಧ. ಹಸಿರಿನ ಮೇಲೆ ಕೆಂಪನ್ನು ಉಸಿರು ತಾಗಿದಂತೆ ಸವರಿದರೆ ಹಸಿರು ತಾನೇ ಮಂಕಾಗಿ ಹಿಂದಕ್ಕೆ ಸರಿಯುತ್ತದೆ. ಕಾಯಿಯ ಕೆಳ ಅಂಚಿನಲ್ಲಿ, ನೆರಳು ಮುಗಿಯುವ ಮುನ್ನ, ಮೇಜಿನಿಂದ ಪುಟಿದ ಬೆಳಕಿನ ಸಣ್ಣ ಗೆರೆಯೊಂದು ಉಳಿಯಬೇಕು. ಅದು ತಪ್ಪಿದರೆ ಕಾಯಿ ದುಂಡಗಾಗುವುದಿಲ್ಲ. ಇಷ್ಟಾಗುವಷ್ಟರಲ್ಲಿ ಬೆರಳಿಗಂಟಿದ ಸೊಗಡು ಹಾಳೆಗೂ ಅಂಟಿತ್ತು.

ನನ್ನ ಕಾಯಿಯಲ್ಲಿ ಒಂದು ಹುಳದ ತೂತಿತ್ತು. "ತೂತಿಲ್ಲದ್ದನ್ನ ಆರಿಸ್ಕೋಬಾರ್ದಿತ್ತೇನಮ್ಮ?" ಎಂದರು ಮೇಡಂ. ಔಷಧಿ ಹೊಡೆಯದ ಹೊಲಕ್ಕೆ ಇದೇ ಸಾಕ್ಷಿ, ಕಲೆಯ ಹೆಸರಿನಲ್ಲಿ ಸಾಕ್ಷ್ಯನಾಶ ಮಾಡಲಾರೆ ಎಂದೆ. ತೂತಿನ ಒಳಗೋಡೆಗೂ ಬೆಳಕು-ನೆರಳು ಕೊಟ್ಟು, ಇಡೀ ಹಾಳೆಯಲ್ಲಿ ಅದೇ ಎದ್ದು ಕಾಣುವಷ್ಟು ಶ್ರದ್ಧೆಯಿಂದ ಬಿಡಿಸಿದೆ.

ಪ್ರದರ್ಶನದ ಬೆಳಿಗ್ಗೆ ಚಿತ್ರವನ್ನು ತೂಗುಹಾಕಿದೆವು. ಪ್ಲಾಸ್ಟಿಕ್ ಹೊದಿಕೆಯನ್ನು ನಾನೇ ವಿರೋಧಿಸಿದ್ದರಿಂದ ಹಾಳೆ ಬೋಳಾಗಿತ್ತು. ಕೆಳಗೆ 'ಮುಟ್ಟಬೇಡಿ' ಎಂಬ ನನ್ನದೇ ಫಲಕ. ಅತ್ತೆ ಬೀಜದ ಬುಟ್ಟಿಯನ್ನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಚಿತ್ರದೆದುರು ನಿಂತಳು. ಅವಳ ಮುಖ ಸಣ್ಣಗಾಯಿತು.

"ಇದ್ಯಾಕೆ ಇಂಗೆ ಬರ್ದಿದ್ದೀಯೇ? ಕಾಳೇ ಇಲ್ವಲ್ಲೇ! ಬರೀ ಪೊಳ್ಳು. ಇದ್ನ ನೋಡಿದ್ ಮ್ಯಾಲೆ ಯಾವನ್ ಒಯ್ತಾನೆ ನಮ್ ಬೀಜವ?"

ನೋಡಿದೆ. ನಿಜವಾಗಿಯೂ ಕಾಳು ಉಬ್ಬಿರಬೇಕಾದಲ್ಲೆಲ್ಲ ಗುಳಿಗಳಿದ್ದವು. ಮಹಡಿಯಲ್ಲಿ ತುಂಬಿಕೊಂಡಿದ್ದ ಕಾಯಿ ಭವನದಲ್ಲಿ ಬರಿದಾಗಿತ್ತು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು: ಭವನದ ದೊಡ್ಡ ಕಿಟಕಿ ಆ ಗೋಡೆಯ ಬಲಕ್ಕಿತ್ತು. ಬಿಸಿಲು ಬಲದಿಂದ ಬರುತ್ತಿದೆಯೆಂದು ಬಲ್ಲ ಕಣ್ಣು, ಎಡಗಡೆ ಹೊಳೆಯುವುದನ್ನೆಲ್ಲ ತಗ್ಗೆಂದು ಓದುತ್ತಿತ್ತು. ನಾನು ಕೇಳಿದ್ದ ಬಲಗಡೆಯ ಸೂರ್ಯ ಕೊನೆಗೂ ಬಂದಿದ್ದ, ತೀರ ತಡವಾಗಿ.

ಎದುರು ಗೋಡೆಗೆ ಹೋದರೆ ಅದೇ ಕಿಟಕಿ ಎಡಕ್ಕೆ ಬರುತ್ತಿತ್ತು. ಆದರೆ ಅಲ್ಲಿ ಜಾಗವಿದ್ದುದು ಒಂದೇ ಕಡೆ, ಅದೂ ಭವನಕ್ಕೆ ನೆಲ ಕೊಟ್ಟ ಮಹನೀಯರ ಭಾವಚಿತ್ರದ ಜಾಗ. ಗಂಧದ ಹಾರ, ಮಿಣುಕುವ ದೀಪದ ಸರ, ಪೇಟ, ಮೀಸೆ. ಬೆಳಕಿಗಾಗಿ ಆ ಜಾಗ ನಮಗೆ ಬೇಕೆಂದು ಮೇಲ್ವಿಚಾರಕನನ್ನು ಕೇಳಿದೆ.

"ಅವ್ರನ್ನ ಮುಟ್ಟಂಗಿಲ್ಲ ಕಣಮ್ಮ" ಎಂದ.

ಈ ಭವನದ ಗೋಡೆಗಳ ಮೇಲೆ ಒಬ್ಬ ಹೆಂಗಸಿನ ಚಿತ್ರವೂ ಇಲ್ಲದಿರುವುದು, ಬೀಜ ಕಾಪಾಡಿದವರಿಗೆ ಕತ್ತಲೆಯೂ ನೆಲದ ಒಡೆಯರಿಗೆ ಬೆಳಕೂ ಹಂಚಿಕೆಯಾಗಿರುವುದು, ಈ ಎರಡನ್ನೂ ನಾನು ಅವನ ಗಮನಕ್ಕೆ ತಂದೆ. ಅವನು ಕಿವಿಗೆ ಬೀಗದ ಕೈ ಹಾಕಿ ತುರಿಸಿಕೊಂಡ. ಎಡಬೆಳಕಿನ ದೊರೆತನವನ್ನು ಧಿಕ್ಕರಿಸಿದ್ದವಳು ಈಗ ಎಡಬೆಳಕಿಗಾಗಿ ಗಂಟಲು ಹರಿದುಕೊಳ್ಳುತ್ತಿರುವುದನ್ನು ಮೇಡಂ ಕುರ್ಚಿಯಲ್ಲಿ ಕುಳಿತು ಸಂತೋಷದಿಂದ ಕೇಳುತ್ತಿದ್ದರು.

ಕೊಬ್ಬರಿ ವ್ಯಾಪಾರಿ ಮೇಲ್ವಿಚಾರಕನ ಹೆಗಲ ಮೇಲೆ ಕೈ ಹಾಕಿದ. "ನೋಡ್ಲಾ, ದೊಡ್ಡೋರ್ನ ಅಲ್ಲಿ ಮೂಲೆಗೆ ತಳ್ಬುಟ್ಟಿದ್ದೀಯ. ಬಾಗ್ಲಲ್ಲಿ ಬಂದೋರಿಗೆ ಮೊದ್ಲು ಕಾಣದು ಯಾವ್ ಗ್ವಾಡೆ? ಇದು. ಇಲ್ಲಿ ಕೂರ್ಸು ಅವ್ರ, ಕಳೆ ಬತ್ತದೆ. ಅವ್ರ ಮನೆಯೋರ್ ಬಂದ್ರೆ ನಿಂಗೇ ಒಳ್ಳೇದಲ್ವೇನ್ಲಾ?"

"ಅಂಗಂತೀರಾ ಸಾ?" ಎಂದು ಮೇಲ್ವಿಚಾರಕ ಏಣಿ ತಂದ.

ಇದು ಪಾಳೇಗಾರಿಕೆಗೆ ಮಾಡಿದ ನಮಸ್ಕಾರವೆಂದೂ, ತತ್ತ್ವಕ್ಕಾದ ಸೋಲೆಂದೂ ನಾನು ಸ್ಪಷ್ಟವಾದ ಮಾತುಗಳಲ್ಲಿ ಪ್ರತಿಭಟಿಸಿದೆ. ಏಣಿಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡೇ ಪ್ರತಿಭಟಿಸಿದೆ.

ಚಿತ್ರ ಎದುರು ಗೋಡೆಗೇರಿತು. ಎಡಗಡೆಯ ಕಿಟಕಿಯಿಂದ ಬಿಸಿಲು ಹಾಯುತ್ತಿದ್ದಂತೆಯೇ ಕಾಯಿ ತುಂಬಿಕೊಂಡಿತು. ಅತ್ತೆ ಬುಟ್ಟಿಯನ್ನೂ ಎಳೆದುಕೊಂಡು ಹತ್ತಿರ ಬಂದು, ಸಂತೆಯಲ್ಲಿ ಕಾಯಿಯನ್ನು ಅದುಮಿ ನೋಡುವವಳ ಹಾಗೆ ಬೆರಳು ಚಾಚಿದಳು.

"ಈಗ್ ನೋಡು, ಕಾಳ್ ಬಂತು." ಅವಳ ಬೆರಳು ಅಲ್ಲಿಯೇ ನಿಂತಿತು. "ಅಯ್ಯೋ ನಿನ್ ಮನೆ ಕಾಯೋಗ! ಹುಳ ಬಿದ್ದಿದ್ನೂ ಬರ್ದಿದ್ದೀಯಲ್ಲೇ? ಊರೋರ್ಗೆಲ್ಲ ತೋರ್ಸಕ್ಕಾ?"

ಸಾಕ್ಷ್ಯದ ವಿಷಯವನ್ನು ನಾನು ಆರಂಭಿಸುವಷ್ಟರಲ್ಲಿ ಬಾಗಿಲಲ್ಲಿ ಜನ ಕಾಣಿಸಿದರು. ಅತ್ತೆ ನನ್ನ ಫಲಕವನ್ನು ಲೆಕ್ಕಿಸದೆ ಹೆಬ್ಬೆರಳನ್ನು ತೂತಿನ ಮೇಲೊತ್ತಿ, ಗೋಡೆಗೆ ಆನಿಕೊಂಡು ನಿಂತಳು. ಅಂದು ಊಟದ ಹೊತ್ತಿನವರೆಗೂ ಆ ಬೆರಳನ್ನು ತೆಗೆಯಲಿಲ್ಲ. ಬಂದವರೆಲ್ಲ ಅವಳು ಏನನ್ನೋ ತೋರಿಸುತ್ತಿದ್ದಾಳೆಂದು ತಿಳಿದು ನೇರ ಅಲ್ಲಿಗೇ ಬಂದರು. "ನಮ್ದೇಯಾ ಇದು, ದುದ್ದದ್ದು. ಮೂಸ್ ನೋಡಿ ಬೇಕಾರೆ" ಎನ್ನುತ್ತ ಅವಳು ಇನ್ನೊಂದು ಕೈಯಲ್ಲಿ ಬೀಜ ಮೊಗೆಮೊಗೆದು ಕೊಡುತ್ತಿದ್ದಳು. ಇನ್ನೊಂದು ಕೈ ಎಂದರೆ ಎಡಗೈ, ಯಾರೂ ಬೇಡವೆನ್ನಲಿಲ್ಲ.

ಬುಟ್ಟಿಯ ತಳ ಕಾಣತೊಡಗಿದಾಗ ಅವಳು ಒಂದು ಹಿಡಿ ಬೀಜವನ್ನು ಮಾತ್ರ ತೆಗೆದು, ಬರುವ ವರ್ಷದ ಬಿತ್ತನೆಗೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಟು ಹಾಕಲು ಎರಡು ಕೈ ಬೇಕಾಗಿದ್ದರಿಂದ ಅಷ್ಟು ಹೊತ್ತು ತೂತಿನ ಮೇಲೆ ಬೆರಳಿಡುವ ಕೆಲಸವನ್ನು ನನಗೆ ವಹಿಸಿದಳು. ನಾನು ತತ್ತ್ವತಃ ವಿರೋಧವಿದ್ದರೂ ಇಟ್ಟೆ. ಕಿಟಕಿಯ ಬಿಸಿಲಿಗೆ ನನ್ನ ಬೆರಳಿನ ನೆರಳು ಹಾಳೆಯ ಮೇಲೆ ಬಲಕ್ಕೆ ಬಿದ್ದು, ಕಾಯಿಯ ಪಕ್ಕ ನಾನು ತೀಡಿದ್ದ ನೆರಳಿನೊಡನೆ ಒಂದೇ ದಿಕ್ಕಿಗೆ ಸಾಗಿತ್ತು.