ನಂಜಲ್ಲದ ಊತ

ಮಗಳು ಸಿಂಧುವಿನ ತುಟಿ ಮೊದಲು ಊದಿದ್ದು ಒಂಬತ್ತನೇ ಕ್ಲಾಸಿನಲ್ಲಿ. ತುರಿಕೆ ಇಲ್ಲ, ಕೆಂಪಿಲ್ಲ. ಬರೀ ಊತ. "ನಂಜು ಕಣೇ," ಅಂದರು ನಮ್ಮತ್ತೆ. ಅಂದಿನಿಂದ ವಿಜಯನಗರದ ನಮ್ಮ ಮನೆಯಲ್ಲಿ ಬದನೆಕಾಯಿ ಬಂದ್, ಕಡಲೆಕಾಯಿ ಬಂದ್, ಅವರೆಕಾಯಿಯೂ ಬಂದ್. ಎರಡು ವರ್ಷ ಮಗು ಸಪ್ಪೆ ಊಟ ಮಾಡಿತು. ಊತ ಮೂರು ದಿನಕ್ಕೆ ಇಳಿಯುತ್ತಿತ್ತು, ತಿಂಗಳೊಳಗೆ ಮತ್ತೆ ಬರುತ್ತಿತ್ತು.

ಕಳೆದ ತಿಂಗಳು ಹಲ್ಲು ಕೀಳಿಸಿಕೊಂಡು ಬಂದಳು. ಮರುದಿನ ಬೆಳಿಗ್ಗೆ ಧ್ವನಿ ಬದಲಾಗಿತ್ತು. "ಅಮ್ಮಾ, ಎಂಜಲು ನುಂಗಕ್ಕಾಗ್ತಿಲ್ಲ."

ಆಮೇಲೆ ಮಾತೇ ಹೊರಡಲಿಲ್ಲ.

ಎಮರ್ಜೆನ್ಸಿಯಲ್ಲಿ ಅಲರ್ಜಿಯ ಇಂಜೆಕ್ಷನ್ ಒಂದಾದ ಮೇಲೊಂದು ಕೊಟ್ಟರು. ಯಾವುದಕ್ಕೂ ಊತ ಬಗ್ಗಲಿಲ್ಲ. ಗಂಟಲಿಗೆ ಟ್ಯೂಬ್ ಹಾಕಿ ಐಸಿಯುಗೆ ಒಯ್ದರು. ಬಾಗಿಲ ಹೊರಗೆ ನಿಂತು ಹರಕೆ ಹೊತ್ತೆ, ದೇವರಿಗೆ ಬೈದೆ, ಮತ್ತೆ ಹರಕೆ ಹೊತ್ತೆ. ನನ್ನ ಜೀವ ತಗೋ, ಅವಳನ್ನು ಬಿಡು ಅಂತ ಗೋಗರೆದೆ.

ಡಾಕ್ಟರ್ ಹೊರಗೆ ಬಂದರು. "ಇದು ಅಲರ್ಜಿ ಥರ ಇಲ್ಲ ಕಣಮ್ಮ. ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಊದುತ್ತಾ?"

ನನಗೆ ಊದುತ್ತದೆ.

ಕಾಲೇಜಿನ ದಿನಗಳಿಂದಲೂ. ಕೈ ಊದಿದರೆ ಬಳೆ ತೆಗೆದು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಹೊಟ್ಟೆ ನುಲಿದರೆ ಮುಟ್ಟಿನ ನೋವು ಅನ್ನುತ್ತಿದ್ದೆ. ಗೊತ್ತಾದರೆ ಗಂಡು ಸಿಗುವುದಿಲ್ಲ ಅಂತ ಅಮ್ಮ ಹೆದರಿಸಿದ್ದಳು; ಮದುವೆಯಾದ ಮೇಲೂ ಅದೇ ರೂಢಿ ಉಳಿಯಿತು. ಸಿಂಧುವಿನ ತುಟಿ ಊದಿದಾಗಲೇ ನನಗೆ ಗುಮಾನಿ ಬಂದಿತ್ತು. ತಪ್ಪನ್ನು ಬದನೆಕಾಯಿಯ ಮೇಲೆ ಹಾಕಿ ಸುಮ್ಮನಿದ್ದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಎಲ್ಲವನ್ನೂ ಹೇಳಿದೆ. ಡಾಕ್ಟರ್ ತಕ್ಷಣ ಅವಳಿಗೆ ಪ್ಲಾಸ್ಮಾ ಹಾಕಿಸಿದರು. ಅವಳ ರಕ್ತದ ಜೊತೆ ನನ್ನದನ್ನೂ ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿ ಇಬ್ಬರದೂ ಸಿ4 ತೀರಾ ಕಡಿಮೆ.

"ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಪ್ರೋಟೀನ್‌ಗಳಿರ್ತವೆ, ಈ ಸಿ4 ಅವುಗಳಲ್ಲೊಂದು. ಕ್ರಿಮಿ ಒಳಗೆ ಬಂದ್ರೆ ಮೊದ್ಲು ಮೇಲೆ ಬೀಳೋದು ಅವೇ. ಅವನ್ನ ಹಿಡಿತದಲ್ಲಿಡೋ ಸಿ1 ಇನ್ಹಿಬಿಟರ್ ನಿಮ್ಮಿಬ್ಬರಲ್ಲೂ ಸಾಲದು. ರಕ್ತನಾಳ ಸೋರದ ಹಾಗೆ ನೋಡ್ಕೊಳ್ಳೋದೂ ಅದೇ. ಅದಕ್ಕೇ ಊತ. ಹಲ್ಲು ಕಿತ್ತ ಪೆಟ್ಟಿಗೆ ಈ ಸಲ ಗಂಟಲಿಗೇ ಬಂತು."

ಕಾವಲಿಗಿದ್ದವರೇ ಮನೆಗೆ ನುಗ್ಗಿದ ಹಾಗೆ. ನನಗೆ ಅಷ್ಟು ಅರ್ಥವಾಯಿತು.

ಮೂರನೇ ದಿನ ಟ್ಯೂಬ್ ತೆಗೆದರು. ಸಿಂಧು ಪಿಸುಗುಟ್ಟಿದಳು.

"ನಿಂಗೂ ಇದ್ಯಂತೆ. ಯಾಕಮ್ಮ ಹೇಳ್ಲಿಲ್ಲ?"

"ಜನ ಏನಂತಾರೋ ಅಂತ ಹೆದರ್ಕೊಂಡೆ ಕಣೇ."

ನನ್ನ ಸೆರಗು ಹಿಡಿದೆಳೆದಳು. "ನಂದನ್ನ ಬಚ್ಚಿಡ್ಬೇಡ."

ಮಧ್ಯಾಹ್ನ ಅತ್ತೆ ಫೋನ್ ಮಾಡಿದರು. "ಏನ್ ತಿಂದಿದ್ಳಂತೆ?"

"ಏನೂ ತಿಂದಿಲ್ಲ ಅತ್ತೆ. ಇದು ನನ್ನಿಂದ ಬಂದಿದ್ದು. ಪೂರ್ತಿ ವಾಸಿಯಾಗಲ್ಲ, ಆದ್ರೆ ಔಷಧಿ ಇದೆ."

ಸಿಂಧುವಿಗೆ ಕೇಳಲಿ ಅಂತ ಜೋರಾಗಿಯೇ ಹೇಳಿದೆ.