ಸಾಲಿಡ್ ಲಿಫ್ಟರೇ ಬೇಕೆಂದ ಅಣ್ಣ

ನಂಜನಗೂಡಿನಲ್ಲಿ ನಮ್ಮದೊಂದು ಬೈಕು ರಿಪೇರಿ ಅಂಗಡಿ. ಮುಂದಿನ ಕೌಂಟರಿನಲ್ಲಿ ಬಿಡಿಭಾಗ ಮಾರುವವಳು ನಾನು, ಹಿಂದಿನ ಶೆಡ್ಡಿನಲ್ಲಿ ಎಂಜಿನ್ ಬಿಚ್ಚುವವನು ಅಣ್ಣ. ವಾರಕ್ಕೆರಡು ದಿನ ಟಿ. ನರಸೀಪುರದಲ್ಲಿ ಪರಿಚಯದವರ ಮಳಿಗೆಗೆ ಹೋಗಿ ಅಲ್ಲಿಯೂ ಕೆಲಸ ಹಿಡಿಯುತ್ತೇವೆ. ಮಾತಿಗೆ ತಂಗಿ, ಕೆಲಸಕ್ಕೆ ಅಣ್ಣ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಬ್ಬರೂ ಕೆಲಸ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಬಾಕಿ ವಸೂಲಿ ಮಾಡುವವರು ಯಾರು?

ಅಣ್ಣನ ಬಂಡವಾಳವೆಂದರೆ ಅವನ ಕಿವಿ. ಗಾಡಿ ಸ್ಟಾರ್ಟ್ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. 'ಟ್ಯಾಪೆಟ್ ಸಡಿಲ' ಎನ್ನುತ್ತಿದ್ದ, ಅಂದರೆ ವಾಲ್ವಿನ ಸಂದು ಹೆಚ್ಚಾಗಿದೆ ಎಂದು, ಇಲ್ಲವೇ 'ಚೈನು ಸವ್ದದೆ' ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಹುಲ್ಲಹಳ್ಳಿ, ಬಿಳಿಗೆರೆ ಕಡೆಯವರು ಮೈಸೂರಿನ ಶೋರೂಮುಗಳನ್ನು ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದುದು ಆ ಕಿವಿಯನ್ನು ನಂಬಿ.

ಆ ಕಿವಿ ಹೋಗುತ್ತಿದೆ ಎಂಬ ಅನುಮಾನ ನನಗೆ ಬಂದದ್ದು, ಅವನು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಲು ಶುರುಮಾಡಿದ ಮೇಲೆ. ಎಂಜಿನ್ನಿನ ಅದುರು ದವಡೆಯಿಂದ ತಲೆಗೆ ಹೋಗುತ್ತದಲ್ಲ, ಅದಕ್ಕೆ. ಮೊದಲ ಸಲ ನೋಡಿದಾಗ ನನಗೆ ಹೊಳೆಯಲಿಲ್ಲ.

"ಏನಣ್ಣ, ಬೆಳಿಗ್ಗೆ ತಿಂಡಿ ತಿನ್ಲಿಲ್ವಾ? ಮರ ಕಚ್ತಾ ಇದ್ದೀಯ" ಎಂದು ರೇಗಿಸಿದೆ. ಅವನು ನಗಲಿಲ್ಲ. ಆಮೇಲೆ ಗಮನಿಸುತ್ತಾ ಹೋದೆ. ಸೈಲೆನ್ಸರಿನ ಗುಡುಗುಡು ಅವನಿಗೆ ಕೇಳುತ್ತಿತ್ತು, ಮನೆಯ ಕುಕ್ಕರಿನ ಸೀಟಿ ಕೇಳುತ್ತಿರಲಿಲ್ಲ. ದಪ್ಪ ಸದ್ದು ಉಳಿದಿತ್ತು, ಸಣ್ಣ ಸದ್ದು ಹೋಗಿತ್ತು. ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸು ಎಂದೆ. ಅದನ್ನೂ ಕೇಳಿಸಿಕೊಳ್ಳಲಿಲ್ಲ. ಅದು ಮಾತ್ರ ಬೇಕೆಂದೇ.

ಅದೇ ಹೊತ್ತಿಗೆ ಅಣ್ಣ ತನ್ನ ಸ್ವಂತ ಗಾಡಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ಹಳೆಯ ಗುಡುಗುಡು ಗಾಡಿ. ಅದರಲ್ಲೇ ನಾವಿಬ್ಬರೂ ನರಸೀಪುರಕ್ಕೆ ಹೋಗಿಬರುವುದು. ಅದನ್ನೇ ಅವನು ಯಾವಾಗಲಾದರೊಮ್ಮೆ ಭಾನುವಾರ ಕೊಯಮತ್ತೂರಿನ ಕಡೆ ಡ್ರ್ಯಾಗ್ ಓಟಕ್ಕೆ ಒಯ್ಯುತ್ತಿದ್ದ. ಡ್ರ್ಯಾಗ್ ಅಂದರೆ ಬೇರೇನಿಲ್ಲ, ನೇರ ದಾರಿಯಲ್ಲಿ ಎರಡು ಗಾಡಿ ನಿಲ್ಲಿಸಿ, ಕಾಲು ಮೈಲಿ ಯಾರು ಮೊದಲು ಮುಟ್ಟುತ್ತಾರೆ ಎಂದು ನೋಡುವುದು. ನಲವತ್ತು ದಾಟಿದವನಿಗೆ ಇದೆಲ್ಲಾ ಬೇಕಾ ಎಂದು ಅತ್ತಿಗೆ ಗೊಣಗುತ್ತಿದ್ದಳು. ನಾನು ಅವಳ ಜೊತೆ ಸೇರಿ ಗೊಣಗುತ್ತಿದ್ದೆ, ಆದರೆ ಅವನು ಗೆದ್ದು ಬಂದ ದಿನ ಅಂಗಡಿಯಲ್ಲಿ ಮೊದಲು ಕೊಚ್ಚಿಕೊಳ್ಳುತ್ತಿದ್ದವಳೂ ನಾನೇ.

ಎಂಜಿನ್ನಿಗೆ ಹೊಸ ಕ್ಯಾಮ್ ಹಾಕಿದ್ದರಿಂದ ಹೊಸ ಲಿಫ್ಟರ್ ಬೇಕಾಗಿತ್ತು. ಕ್ಯಾಮ್ ತಿರುಗಿದಾಗ ಅದರ ಉಬ್ಬಿನ ಮೇಲೆ ಹತ್ತಿಳಿದು ವಾಲ್ವು ತೆರೆಸುವ ಬೆರಳುದ್ದದ ಭಾಗ ಅದು. ಬುಡದಲ್ಲಿ ಒಂದು ಪುಟ್ಟ ಗಾಲಿ, ಗಾಲಿಯೊಳಗೆ ಸೂಜಿಯಂಥ ಬೇರಿಂಗು. ಕೊಯಮತ್ತೂರಿನ ವ್ಯಾಪಾರಿ ಎರಡು ಬಗೆ ಕಳಿಸಿ, ಬೇಡದ್ದನ್ನು ವಾಪಸು ಮಾಡಿ ಎಂದಿದ್ದ. ಒಂದು ಹೈಡ್ರಾಲಿಕ್. ಅದರ ಹೊಟ್ಟೆಯಲ್ಲಿ ಆಯಿಲ್ ತುಂಬಿಕೊಂಡು ಸಂದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಸದ್ದಿಲ್ಲ, ಮತ್ತೆ ಮತ್ತೆ ಬಿಚ್ಚುವ ಗೋಜಿಲ್ಲ. ಆದರೆ ಎಂಜಿನ್ನಿನ ವೇಗ ವಿಪರೀತ ಏರಿದಾಗ ವಾಲ್ವು ಸರಿಯಾಗಿ ಮುಚ್ಚದೆ ಓಟ ಸೊರಗುತ್ತದೆ. ಇನ್ನೊಂದು ಸಾಲಿಡ್, ಅಂದರೆ ಗಟ್ಟಿ ಲೋಹದ್ದು. ಎಷ್ಟು ಏರಿಸಿದರೂ ತಡೆದುಕೊಳ್ಳುತ್ತದೆ, ಟಿಕ್ ಟಿಕ್ ಎಂದು ಸದ್ದು ಮಾಡುತ್ತಲೇ ಇರುತ್ತದೆ. ಅದಕ್ಕೆ ಕಷ್ಟವಾಗುವುದು ನಿಧಾನದ ಓಟ. ಆಗ ಗಾಲಿಗೆ ಆಯಿಲ್ ಸಾಲದೆ ಬೇರಿಂಗು ಒಣಗುತ್ತದೆ.

ಎರಡೂ ಪೊಟ್ಟಣ ಕೌಂಟರಿನ ಮೇಲೆ ಬಿದ್ದಿದ್ದವು. ನಾನು ಹೈಡ್ರಾಲಿಕ್ಕನ್ನು ಅವನ ಕಡೆ ತಳ್ಳಿದೆ.

"ವರ್ಷಕ್ಕೆ ಎಷ್ಟು ಭಾನುವಾರ ಓಡಿಸ್ತೀಯ ನೀನು? ಮಿಕ್ಕ ದಿನ ಎಲ್ಲಾ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳೋದೆ ತಾನೆ? ರೋಡಿಗೆ ಇದೇ ಸರಿ ಕಣಣ್ಣ" ಎಂದೆ.

"ಸಾಲಿಡ್ಡೇ ಆಕ್ತೀನಿ."

"ಹಟ ಯಾಕೆ?"

ಅವನು ಸಾಲಿಡ್ ಲಿಫ್ಟರನ್ನು ಅಂಗೈಯಲ್ಲಿ ಹೊರಳಿಸಿದ. ಆಮೇಲೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ಹೇಳಿದ: "ಇದಾದ್ರೆ ನಂಗೆ ಕೇಳ್ತದೆ ಕಣವ್ವ. ಆ ಇನ್ನೊಂದು ಆಕುದ್ರೆ ಎಂಜಿನ್ನು ನನ್ ಪಾಲಿಗೆ ಮೂಗ."

ನನಗೆ ಅಳು ಬಂತು. ಹೈಡ್ರಾಲಿಕ್ ಪೊಟ್ಟಣವನ್ನು ವಾಪಸು ಕಳಿಸಿದೆ.

ಸಾಲಿಡ್ ಹಾಕಿ ಸ್ಟಾರ್ಟ್ ಮಾಡಿದ ದಿನ ಅವನು ಎಷ್ಟೋ ತಿಂಗಳ ಮೇಲೆ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಿಂದ ತೆಗೆದು ಕಿವಿಗೆ ಇಟ್ಟ. ಎಂಜಿನ್ನು ಹೊಲಿಗೆ ಮಿಷಿನ್ನಿನ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ಪಕ್ಕದ ಟೀ ಅಂಗಡಿಯವರು "ಏನ್ ಸಾ, ಸ್ಪ್ಯಾನರು ಒಳಗೇ ಬುಟ್ರಾ?" ಎಂದು ತಮಾಷೆ ಮಾಡಿದರು. ಅಣ್ಣ ನಕ್ಕ. ಕೊಯಮತ್ತೂರಿನಲ್ಲಿ ಗೆಲ್ಲಲಿಲ್ಲ, ಆದರೂ ಬೇಸರವಿಲ್ಲದೆ ಬಂದ. ಕೇಳಿಸ್ತು, ಅಷ್ಟು ಸಾಕು ಅಂದ.

ಕಬ್ಬು ಕಡಿಯುವ ಕಾಲ ಬಂತು. ನರಸೀಪುರದ ರಸ್ತೆಯ ತುಂಬಾ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಕಾಲೂರಿಕೊಂಡೇ ಹೋಗಬೇಕಾದ ಗತಿ. ಅಂಥ ಒಂದು ಬೆಳಿಗ್ಗೆ, ನಾಲೆಯ ಸೇತುವೆ ದಾಟಿದ ಮೇಲೆ ನನ್ನ ಕಾಲ ಬುಡದಲ್ಲಿ ಟಿಕ್ ಟಿಕ್ ಹೋಗಿ ಟಕ್ ಟಕ್ ಶುರುವಾಯಿತು. ಅಣ್ಣನಿಗೆ ತಿಳಿಯದ್ದು ನನಗೇನು ತಿಳಿದೀತು ಎಂದು ಸುಮ್ಮನೆ ಕೂತೆ. ಟಕ್ ಟಕ್ ಬರಬರುತ್ತಾ ಸುತ್ತಿಗೆಯಲ್ಲಿ ಬಡಿದಂತಾಯಿತು. ಕಬ್ಬಿನ ರಾಶಿಯ ಮೇಲೆ ಕೂತಿದ್ದ ಆಳುಗಳು ತಿರುಗಿ ನಮ್ಮ ಗಾಡಿಯನ್ನು ನೋಡಿದರು.

ಅಣ್ಣ ಕತ್ತು ಹಿಂದಕ್ಕೆ ಹೊರಳಿಸಿ, ಸಂತೋಷದಿಂದಲೇ ಹೇಳಿದ: "ಎಷ್ಟು ನೈಸಾಗಿ ಓಯ್ತಾ ಅದೆ ನೋಡವ್ವ. ಬಿಸಿ ಆದ್ಮೇಲೆ ಚೂರೂ ಸದ್ದಿಲ್ಲ."

ನಾನು ಅವನ ಹೆಗಲು ಹಿಡಿದು ಜೋರಾಗಿ ಅಲ್ಲಾಡಿಸಿದೆ. ನಿಲ್ಲಿಸಿದ. ಯಾಕೆ ಎಂದು ಕೇಳಲು ಬಾಯಿ ತೆಗೆದವನು ನನ್ನ ಮುಖ ನೋಡಿದ, ಕತ್ತು ತಿರುಗಿಸಿಕೊಂಡಿದ್ದ ಆಳುಗಳನ್ನು ನೋಡಿದ. ಆಮೇಲೆ ಬಗ್ಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟ. ಬಿಸಿಯಲ್ಲಿ ಕೈ ಸುಟ್ಟರೂ ತೆಗೆಯಲಿಲ್ಲ. ನಾನೇ ಕೈ ಎಳೆದು, ಕೀ ತಿರುಗಿಸಿ ಆರಿಸಿದೆ.

ಗೂಡ್ಸ್ ಆಟೋದಲ್ಲಿ ಗಾಡಿಯನ್ನು ಅಂಗಡಿಗೆ ತಂದು ಬಿಚ್ಚಿದಾಗ ಲಿಫ್ಟರಿನ ಗಾಲಿ ಓರೆಯಾಗಿತ್ತು. ಆಯಿಲ್ ಸೋಸಿದರೆ ಬಟ್ಟೆಯ ಮೇಲೆ ಬೇರಿಂಗಿನ ತುಂಡುಗಳು ಮಿನುಗುತ್ತಿದ್ದವು.

"ಸದ್ದು ಯಾವಾಗಿಂದ ಬತ್ತಿತ್ತು?" ಎಂದು ಕೇಳಿದ.

"ಸೇತುವೆ ದಾಟಿದಾಗಿಂದ" ಎಂದು ಅವನ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದೆ.

ಅಷ್ಟು ದೂರವನ್ನೂ ಅವನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿ ನೋಡಿದನೋ ಏನೋ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟ. "ಐಡ್ರಾಲಿಕ್ಕೇ ತರಿಸ್ಬುಡವ್ವ. ಇನ್ ಯಾವ್ದಾದ್ರೇನು" ಎಂದ.

ತರಿಸಿದೆ. ಗಾಡಿ ಈಗ ಚೆನ್ನಾಗಿ ಓಡುತ್ತದೆ, ಲಿಫ್ಟರಿನ ಸದ್ದೇ ಇಲ್ಲ. ಡ್ರ್ಯಾಗಿನ ಮಾತನ್ನು ಅವನು ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ.

ಮೊನ್ನೆ ಬಿಳಿಗೆರೆಯ ಹಳೆಯ ಗಿರಾಕಿಯೊಬ್ಬರು ಬೈಕು ತಂದರು. ಅಣ್ಣ ನನ್ನನ್ನು ಒಳಗೆ ಕರೆದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಇಟ್ಟ. ಒಳಗೆ ಬರೀ ಗಲಾಟೆ, ಸಂತೆಯ ಮಧ್ಯೆ ನಿಂತ ಹಾಗೆ. ಅದರಲ್ಲಿ ಕೇಳಿದ್ದನ್ನು ಹೇಗೆ ಹೇಳಲಿ? ಬಾಯಲ್ಲಿ ಟಿಕ್ ಟಿಕ್ ಎಂದರೆ ಅದೂ ಅವನಿಗೆ ಕೇಳದು. ಅವನ ಮುಂಗೈ ಹಿಡಿದು, ಕೇಳಿದ ಹಾಗೇ ಬೆರಳಿನಲ್ಲಿ ತಟ್ಟುತ್ತಾ ಹೋದೆ. ಅಣ್ಣ ಹಿಂದಿನಂತೆಯೇ ಕಣ್ಣು ಮುಚ್ಚಿಕೊಂಡ. ಗಿರಾಕಿ ಕೈಕಟ್ಟಿ ನಿಂತು ಕಾಯುತ್ತಿದ್ದರು.

"ಟ್ಯಾಪೆಟ್ ಸಡಿಲ" ಎಂದ.

ಬಿಚ್ಚಿ ನೋಡಿದರೆ ಟ್ಯಾಪೆಟ್ ಸರಿಯಾಗಿಯೇ ಇತ್ತು.